ಪಪ್ಪಾಯಿ ಸಸಿಗಳ ಲಿಂಗಪತ್ತೆ

ಪಪ್ಪಾಯಿ (ಪರಂಗಿ) ಸಸಿಗಳ ಲಿಂಗಪತ್ತೆ ಎಂದರೆ ಹೂ ಬಿಡುವ ಮುನ್ನವೇ ಡಿಎನ್‌ಎ ಗುರುತುಗಳ ನೆರವಿನಿಂದ ಸಸಿಯ ಲಿಂಗವನ್ನು ತಿಳಿಯುವ ವಿಧಾನ. ಎಲೆ ನೋಡಿ ಲಿಂಗ ಹೇಳಲಾಗದು. ಆದ್ದರಿಂದ ರೈತರು ಒಂದೇ ಗುಣಿಯಲ್ಲಿ ಎರಡು ಮೂರು ಸಸಿಗಳನ್ನು ನೆಟ್ಟು, ತಿಂಗಳುಗಳ ನಂತರ ಹೂ ಕಂಡಾಗ ಬೇಡವಾದವನ್ನು ಕೀಳುತ್ತಾರೆ. ಅವಕ್ಕೆ ಉಣಿಸಿದ ನೀರು, ಗೊಬ್ಬರ ವ್ಯರ್ಥವೇ ಸರಿ.

ಹೆಣ್ಣು ಗಿಡದಲ್ಲಿ ಎರಡು ಎಕ್ಸ್ ವರ್ಣತಂತುಗಳೂ, ಗಂಡಿನಲ್ಲಿ ಎಕ್ಸ್ ಮತ್ತು ವೈಗಳೂ ಇರುತ್ತವೆ. ದ್ವಿಲಿಂಗಿಯಲ್ಲಿರುವುದು ವೈಯ ತುಸು ಭಿನ್ನ ರೂಪ. ಎರಡೂ ವೈ ಆದ ಭ್ರೂಣ ಬದುಕದು. ಹಾಗಾಗಿ ಕೂರ್ಗ್ ಹನಿ ಡ್ಯೂವಿನಂತಹ ತಳಿಗಳಲ್ಲಿ, ಸ್ವಪರಾಗಸ್ಪರ್ಶಗೊಂಡ ದ್ವಿಲಿಂಗಿ ಗಿಡದ ಬೀಜಗಳು ಸರಾಸರಿ 2:1ರಂತೆ ದ್ವಿಲಿಂಗಿ ಮತ್ತು ಹೆಣ್ಣು ಸಸಿಗಳನ್ನು ಕೊಡುತ್ತವೆ.

ಎಲೆಚೂರಿನ ಡಿಎನ್‌ಎಯನ್ನು ಪಿಸಿಆರ್‌ನಿಂದ ವೃದ್ಧಿಸಿದಾಗ ಟಿ12, ಡಬ್ಲ್ಯು11 ಗುರುತುಗಳ ಪಟ್ಟಿ ಗಂಡು ಮತ್ತು ದ್ವಿಲಿಂಗಿಗಳಲ್ಲಿ ಮೂಡುತ್ತದೆ, ಹೆಣ್ಣಿನಲ್ಲಿ ಮೂಡದು. ಪರೀಕ್ಷೆ ಕೆಟ್ಟರೂ ಪಟ್ಟಿ ಮೂಡದಿರಬಹುದು. ಆ ಭ್ರಮೆ ತಪ್ಪಿಸಲು ಎಲ್ಲ ಗಿಡಗಳಲ್ಲೂ ಕಾಣುವ ಟಿ1 ಗುರುತನ್ನು ಜೊತೆಗಿಡುತ್ತಾರೆ.