ಒಂದೇ ಬಯಲು, ಮೂರು ಸರಕಾರ

ಎರಡು ದೇಶಗಳ ಜೀವನಮಟ್ಟವನ್ನು ಹೋಲಿಸುವ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಸೌದಿ, ದುಬೈಗಳ ಹೆಸರು. ಕಾನಹೊಸಹಳ್ಳಿಯ ಹಿರಿಯರು ಇಂತಹ ಹೋಲಿಕೆಗಾಗಿ ಸಮುದ್ರ ದಾಟಬೇಕಾಗಿರಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಕೂಡ್ಲಿಗಿ ತಾಲೂಕು ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ದಕ್ಷಿಣದ ಜಗಳೂರು, ಮೊಳಕಾಲ್ಮೂರುಗಳು ಮೈಸೂರು ಅರಸರವು. ಉತ್ತರಕ್ಕೆ ತುಂಗಭದ್ರೆಯನ್ನು ದಾಟಿದರೆ ನಿಜಾಮರ ಹೈದರಾಬಾದು. ಆಡುವ ಮಾತು ಒಂದೇ, ತಿನ್ನುವ ರೊಟ್ಟಿ ಒಂದೇ. ನಾಣ್ಯ ಮಾತ್ರ ಬೇರೆ. ಇಲ್ಲಿಯ ಆರು ಕಲ್ದಾರ್ ರೂಪಾಯಿಗೆ ಅಲ್ಲಿಯ ಏಳು ಹಾಲಿ ಸಿಕ್ಕಾ.

ಹಾಗಾದರೆ ಯಾರ ಆಳ್ವಿಕೆಯಲ್ಲಿ ಬಡವನ ಬಾಳು ಹಸನಾಗಿತ್ತು?

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಕಲೆಕ್ಟರ್ ಥಾಮಸ್ ಮನ್ರೋ ರೈತನಿಂದ ನೇರವಾಗಿ ಕಂದಾಯ ವಸೂಲು ಮಾಡುವ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಿದ. ನಡುವಿನ ಪಾಳೆಯಗಾರ ಹೋದನೆಂಬುದು ನಿಜ. ಆದರೆ 1876ರಲ್ಲಿ ಮಳೆ ಕೈಕೊಟ್ಟಾಗ ಆ ಆಡಳಿತದ ಹೃದಯವೆಂಥದೆಂದು ತಿಳಿಯಿತು. ಜನ ಸಾಯುತ್ತಿರುವಾಗಲೇ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಪ್ರತಿಭಟಿಸಬೇಕಾಯಿತು. ಬಳ್ಳಾರಿ ಜಿಲ್ಲೆಯು ಆ ದಶಕದಲ್ಲಿ ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. ಗಡಿಯಾಚೆಯ ಮೈಸೂರಿನಲ್ಲೂ 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕಿಂತ ಕೆಳಗಿಳಿಯಿತು. ಆಗ ಮೈಸೂರನ್ನು ಆಳುತ್ತಿದ್ದವರೂ ಬ್ರಿಟಿಷ್ ಕಮಿಷನರೇ ಎಂಬುದನ್ನು ನಾವು ಮರೆಯಬಾರದು.

1881ರಲ್ಲಿ ರಾಜ್ಯವು ಒಡೆಯರ ಕೈಗೆ ಮರಳಿದ ಮೇಲೆ ದಾರಿಗಳು ಬೇರೆಯಾದವು. ಅದೇ ವರ್ಷ ಅಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. 1907ರ ಹೊತ್ತಿಗೆ ಹಿರಿಯೂರಿನ ಬಳಿ ಮಾರಿಕಣಿವೆ ಅಣೆಕಟ್ಟು, 1916ರಲ್ಲಿ ವಿಶ್ವವಿದ್ಯಾಲಯ. ಹಿಂದೂ ಅರಸರ ಆ ರಾಜ್ಯಕ್ಕೆ 1926ರಿಂದ 1941ರವರೆಗೆ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದರು. ನಮ್ಮ ಕಡೆಗೆ ಬಂದದ್ದು 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಒಂದು ರೈಲು. ಮೈಸೂರಿನ ಭಾಗ್ಯವೆಲ್ಲ ಜಗಳೂರಿನ ಬರಡು ಹೊಲಗಳಿಗೆ ತಲುಪಿತೆಂದು ಮಾತ್ರ ಯಾರೂ ತಿಳಿಯಬಾರದು. ಅರಮನೆಯಿಂದ ದೂರವಿದ್ದ ಊರು ಎಲ್ಲ ರಾಜ್ಯಗಳಲ್ಲೂ ದೂರವೇ.

ಇನ್ನು ಹೈದರಾಬಾದು. ದೊರೆ ನಮ್ಮವನೆಂಬ ಕಾರಣಕ್ಕೆ ಅಲ್ಲಿಯ ಮುಸ್ಲಿಮರು ಸುಖವಾಗಿದ್ದರೆಂಬ ಮಾತು ಇಂದಿಗೂ ನಮ್ಮಲ್ಲಿ ಕೇಳಿಬರುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಉರ್ದು ಮಾಧ್ಯಮದಲ್ಲಿ ಕಟ್ಟಿದ ಆ ದೊರೆತನದ ಹಿರಿಮೆಯನ್ನು ನಾವೂ ಒಪ್ಪುತ್ತೇವೆ. ಆದರೆ ನದಿಯಾಚೆಯ ಕೊಪ್ಪಳ ಸಾಲಾರ್ ಜಂಗರ ಜಹಗೀರು. ಕೃಷಿಕನಿಗೆ ಜಹಗೀರುದಾರನೇ ಸರಕಾರ. 1951ರ ಜನಗಣತಿಯಲ್ಲಿ ಮೈಸೂರು, ಮದ್ರಾಸುಗಳಲ್ಲಿ ನೂರಕ್ಕೆ ಸುಮಾರು 20 ಮಂದಿ ಓದುಬರಹ ಬಲ್ಲವರಾಗಿದ್ದರೆ ಹೈದರಾಬಾದಿನಲ್ಲಿ ಸುಮಾರು 9 ಮಂದಿ. ಬಡ ಪಿಂಜಾರನ ಮಗನೂ ಬಡ ಕುರುಬನ ಮಗನೂ ಉಳಿದ 91ರೊಳಗೇ ಇದ್ದರು. ರಜಾಕಾರರ ದಬ್ಬಾಳಿಕೆಗೆ ಅಂಜಿ ಹಿಂದೂ ಕುಟುಂಬಗಳು ಗಡಿ ದಾಟಿ ಬಂದವು. 1948ರ ಸೆಪ್ಟೆಂಬರಿನ ಕಾರ್ಯಾಚರಣೆಯ ನಂತರ ಅದರ ಬೆಲೆಯನ್ನು ಕಲಬುರಗಿ, ಬೀದರ್ ಕಡೆಯ ನಿರಪರಾಧಿ ಮುಸ್ಲಿಮರು ತೆತ್ತರು. ಪಂಡಿತ ಸುಂದರಲಾಲ್ ಸಮಿತಿಯ ಅಂದಾಜಿನಂತೆ ಆ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ.

1953ರ ಅಕ್ಟೋಬರ್ 1ರಂದು ಕೂಡ್ಲಿಗಿ ಮೈಸೂರಿಗೆ ಸೇರಿತು, 1956ರಲ್ಲಿ ಕೊಪ್ಪಳವೂ ಬಂದಿತು. ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಮಾತ್ರ ನಮ್ಮ ಎತ್ತರದ ನೆಲಕ್ಕೆ ಹತ್ತಲಿಲ್ಲ. ಹಳೆಯ ಗಡಿಯೂ ಪೂರ್ತಿ ಅಳಿಯಲಿಲ್ಲ: ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಕಾನಹೊಸಹಳ್ಳಿಯ ಮಕ್ಕಳಿಗೆ ಉಂಟು, ಜಗಳೂರಿನ ಮಕ್ಕಳಿಗೆ ಇಲ್ಲ. ಒಂದು ಕಾಲಕ್ಕೆ ಮೈಸೂರು ಸೀಮೆಯವರೆಂದು ಬೀಗುತ್ತಿದ್ದವರ ಮೊಮ್ಮಕ್ಕಳು ಈಗ ನಮ್ಮ ಹುಡುಗರ ಕೈಯಲ್ಲಿರುವ ಆ ಪ್ರಮಾಣಪತ್ರವನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ.