ಶಾಸನದ ಹೆಸರು ಮತ್ತು ಸಮಾಧಿಯ ಅಸ್ಥಿ: ಭೀಮಾ ಕಣಿವೆಯನ್ನು ಕುರಿತು ಕೆಲವು ವಿಚಾರಗಳು

ಪುಣೆ ಜಿಲ್ಲೆಯ ಲೋಣಾವಳಾ ಪರಿಸರವು ಕನ್ನಡ ಸಂಶೋಧಕರಿಗೆ ಪರಿಚಿತವಾಗಿರುವುದು ಕಾರ್ಲಾ ಗುಹೆಯ ಒಂದು ಪ್ರಾಕೃತ ಶಾಸನದ ಮೂಲಕ. ಜಂಬೂದ್ವೀಪದಲ್ಲಿಯೇ ಶ್ರೇಷ್ಠವಾದ ಈ ಶೈಲಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂದು ಅದು ತಿಳಿಸುತ್ತದೆ. ವೈಜಯಂತಿಯೆಂದರೆ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಕರ್ನಾಟಕದ ಪ್ರಾಚೀನತೆಯನ್ನು ಹೇಳುವಾಗ ನಾವು ಈ ಶ್ರೇಷ್ಠಿಯನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಅವನ ಊರು, ಅಂತಸ್ತು, ದಾನ ಇಷ್ಟೂ ತಿಳಿದಿವೆ. ಅವನು ಏನನ್ನು ಉಣ್ಣುತ್ತಿದ್ದನು, ಎಷ್ಟು ವರ್ಷ ಬಾಳಿದನು ಎಂಬುದು ತಿಳಿಯದು. ಸಮೀಪದ ಭಾಜಾದಲ್ಲಿ ಗತಿಸಿದ ಸ್ಥವಿರರ ಸ್ಮಾರಕಗಳಾದ 14 ಸ್ತೂಪಗಳ ಗುಂಪಿದೆ. ಅವುಗಳಲ್ಲಿ ಕೆಲವುಗಳ ಮೇಲೆ ಹೆಸರುಗಳೂ ಇವೆ. ಅಲ್ಲಿಯೂ ಹೆಸರು ಉಳಿದಿದೆ, ದೇಹ ಉಳಿದಿಲ್ಲ.

ಲೋಣಾವಳಾದ ಬಳಿ ಹುಟ್ಟುವ ಇಂದ್ರಾಯಣಿ ನದಿ ಭೀಮೆಯನ್ನು ಸೇರುತ್ತದೆ. ಅದೇ ಭೀಮೆಯ ಇನ್ನೊಂದು ಉಪನದಿಯಾದ ಘೋಡ್ ನದಿಯ ದಂಡೆಯಲ್ಲಿ, ಇದೇ ಜಿಲ್ಲೆಯ ಪೂರ್ವದಂಚಿನಲ್ಲಿ, ಇನಾಂಗಾವ್ ಎಂಬ ನೆಲೆಯಿದೆ. ಇಲ್ಲಿ ಸ್ಥಿತಿ ತಿರುವುಮುರುವು. ಪುಣೆಯ ಡೆಕ್ಕನ್ ಕಾಲೇಜಿನ ಹ. ಧೀ. ಸಾಂಕಲಿಯಾ, ಝ. ದ. ಅನ್ಸಾರಿ ಮತ್ತು ಮ. ಕೇ. ಢವಳೀಕರ ಇವರ ನೇತೃತ್ವದಲ್ಲಿ 1968ರಿಂದ 1983ರವರೆಗೆ ನಡೆದ ಉತ್ಖನನದಲ್ಲಿ ಸುಮಾರು ಕ್ರಿ.ಪೂ. 1600ರಿಂದ 700ರವರೆಗಿನ ತಾಮ್ರಶಿಲಾಯುಗದ ಗ್ರಾಮವೊಂದು ಬೆಳಕಿಗೆ ಬಂದಿತು. ನೂರಕ್ಕೂ ಹೆಚ್ಚು ಮನೆಗಳು, 200ಕ್ಕೂ ಮಿಕ್ಕ ಸಮಾಧಿಗಳು. ಒಂದು ಹೆಸರೂ ಇಲ್ಲ.

ಈ ಸಮಾಧಿಗಳಲ್ಲಿ ಬಹುಪಾಲು ಮಕ್ಕಳವು. ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಸೇರಿಸಿ ಮಲಗಿಸಿ, ಮಗುವಿನ ದೇಹವನ್ನು ಅದರೊಳಗಿರಿಸಿ, ವಾಸದ ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ವಯಸ್ಕರನ್ನು ತಲೆ ಉತ್ತರಕ್ಕಿರುವಂತೆ ನೀಳವಾಗಿ ಮಲಗಿಸುತ್ತಿದ್ದರು. ಬಹುಮಟ್ಟಿಗೆ ಪಾದಗಳನ್ನು ಕತ್ತರಿಸಿರುವುದು ಕಂಡುಬಂದಿದೆ. ಸತ್ತವರು ಎದ್ದು ಹೋಗದಿರಲೆಂದು ಹೀಗೆ ಮಾಡಿರಬಹುದೆಂಬುದು ಉತ್ಖನಕಾರರ ಊಹೆ. ಐದು ಕೋಣೆಗಳ ಮನೆಯೊಂದರ ಅಂಗಳದಲ್ಲಿ ನಾಲ್ಕು ಕಾಲುಗಳ ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಕುಳ್ಳಿರಿಸಿದ್ದ ಪುರುಷನ ಪಾದಗಳು ಮಾತ್ರ ಹಾಗೆಯೇ ಇದ್ದವು. ಅವನು ಗ್ರಾಮದ ಮುಖ್ಯಸ್ಥನೆಂದು ಭಾವಿಸಲಾಗಿದೆ. ಇಲ್ಲಿ ಅಂತಸ್ತನ್ನು ಸೂಚಿಸುವುದು ಬಿರುದಲ್ಲ, ಪಾದ.

ಮಕ್ಕಳ ಅಸ್ಥಿಗಳನ್ನು ಕುರಿತು ತುಸು ವಿಸ್ತರಿಸಬೇಕು. ಶಿಶುವಿನ ಎಲುಬಿನಿಂದ ಗಂಡೋ ಹೆಣ್ಣೋ ಎಂಬುದನ್ನು ನೋಟಮಾತ್ರದಿಂದ ನಿರ್ಧರಿಸಲಾಗದು. ಆದರೆ ಹಲ್ಲುಗಳು ರೂಪುಗೊಂಡ ಹಂತದಿಂದ ಸತ್ತಾಗಿನ ವಯಸ್ಸನ್ನು ಕೆಲವು ತಿಂಗಳುಗಳ ಅಂತರದಲ್ಲಿ ಹೇಳಬಹುದು. ಹಾಲುಹಲ್ಲಿನ ದಂತಕವಚ ಗರ್ಭದಲ್ಲಿಯೇ ಕಟ್ಟತೊಡಗುತ್ತದೆ. ಒಮ್ಮೆ ಕಟ್ಟಿದ ಕವಚ ಎಲುಬಿನಂತೆ ಮತ್ತೆ ಹೊಸದಾಗುವುದಿಲ್ಲ. ಆ ಅವಧಿಯಲ್ಲಿ ಹಸಿವು ಅಥವಾ ಜ್ವರ ಕಾಡಿದ್ದರೆ ಅದರ ಮೇಲೆ ಗೀರೋ ಕುಳಿಯೋ ಶಾಶ್ವತವಾಗಿ ಉಳಿಯುತ್ತದೆ. ಹೀಗಾಗಿ ತಾಯಿಯ ಬವಣೆಯೂ ಮಗುವಿನ ಹಲ್ಲಿನಲ್ಲಿ ದಾಖಲಾಗಿರಬಹುದು. ಉದ್ದೆಲುಬಿನ ಅಳತೆಯನ್ನು ಹಲ್ಲಿನ ವಯಸ್ಸಿನೊಡನೆ ಹೋಲಿಸಿದರೆ ಬೆಳವಣಿಗೆ ಕುಂಠಿತವಾಗಿತ್ತೇ ಎಂಬುದು ತಿಳಿಯುತ್ತದೆ.

ಇನಾಂಗಾವಿನ ಅಸ್ಥಿಗಳನ್ನು ಜಾನ್ ಲುಕಾಕ್ಸ್ ಮತ್ತು ಸುಭಾಷ್ ವಾಳಿಂಬೆ ಅಧ್ಯಯನ ಮಾಡಿ 1986ರಲ್ಲಿ ವರದಿ ಪ್ರಕಟಿಸಿದರು. ಕ್ರಿ.ಪೂ. 1000ದ ಅನಂತರ ಇಲ್ಲಿ ಚೌಕಾಕಾರದ ಮನೆಗಳ ಸ್ಥಾನದಲ್ಲಿ ದುಂಡನೆಯ ಸಣ್ಣ ಗುಡಿಸಲುಗಳು ಕಾಣಿಸಿಕೊಳ್ಳುತ್ತವೆ. ಮಳೆ ಕಡಿಮೆಯಾಗಿ ಬೇಸಾಯ ಕುಸಿಯಿತೆಂಬುದು ಢವಳೀಕರರ ವಾದ. ಗ್ವೆನ್ ರಾಬಿನ್ಸ್ ಶುಗ್ ಅವರು ನೇವಾಸಾ, ದೈಮಾಬಾದ್, ಇನಾಂಗಾವ್ ನೆಲೆಗಳ ಮಕ್ಕಳ ಅಸ್ಥಿಗಳನ್ನು ಮತ್ತೆ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಡೆಗಾಲದ ಇನಾಂಗಾವಿನ ಮಕ್ಕಳ ಬೆಳವಣಿಗೆ ಕುಂದಿದ್ದುದನ್ನು ತೋರಿಸಿದರು. ಎಲ್ಲವನ್ನೂ ಬರಗಾಲದ ಮೇಲೆ ಹೊರಿಸುವ ಸರಳ ವಿವರಣೆಯನ್ನು ಪ್ರಶ್ನಿಸಿದರು. ವಾದ ಮುಗಿದಿಲ್ಲ. ಇನ್ನೊಂದು ತೊಡಕೂ ಇದೆ. ಜೇಮ್ಸ್ ವುಡ್ ಮತ್ತು ಸಂಗಡಿಗರು 1992ರಲ್ಲಿ ಎತ್ತಿ ತೋರಿಸಿದಂತೆ, ರೋಗದ ಗುರುತುಳ್ಳ ಎಲುಬು ಆ ರೋಗವನ್ನು ಕೆಲಕಾಲವಾದರೂ ತಾಳಿಕೊಂಡವನದು. ಗುರುತು ಮೂಡುವ ಮೊದಲೇ ಸತ್ತವನ ಎಲುಬು ಆರೋಗ್ಯವಂತನದರಂತೆ ಕಾಣುತ್ತದೆ. ಅಸ್ಥಿಯನ್ನೂ ಶಾಸನದಷ್ಟೇ ಎಚ್ಚರದಿಂದ ಓದಬೇಕಾಗುತ್ತದೆ.

ಈ ಎಚ್ಚರ ನಮ್ಮಲ್ಲಿ ಯಾವಾಗಲೂ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಬ್ರಹ್ಮಗಿರಿಯ ಅಸ್ಥಿಗಳು ನಮ್ಮ ಚರಿತ್ರೆಯ ಪುಸ್ತಕಗಳಿಗೆ ಬಂದದ್ದು ತಲೆಬುರುಡೆಯ ಅಳತೆ, ಜನಾಂಗದ ಹಣೆಪಟ್ಟಿ ಇವುಗಳ ಮೂಲಕ. ಬುರುಡೆಯ ಉದ್ದಗಲಗಳಿಂದ ಮೂಲನಿವಾಸಿಗಳಾರು, ವಲಸೆ ಬಂದವರಾರು ಎಂದು ತೀರ್ಮಾನಿಸುವ ಪದ್ಧತಿಯನ್ನು ಮಾನವಶಾಸ್ತ್ರ ಕೈಬಿಟ್ಟು ಬಹುಕಾಲವಾಯಿತು. ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆ ಅವರು ಬರ್ಲಿನ್ನಿನಲ್ಲಿ ಸಿದ್ಧಪಡಿಸಿದ ಡಾಕ್ಟರೇಟ್ ಪ್ರಬಂಧದಲ್ಲಿಯೇ ಬುರುಡೆಯ ಓರೆಗೂ ಜನಾಂಗಕ್ಕೂ ಸಂಬಂಧ ಕಾಣಲಿಲ್ಲವೆಂದು, ಗುರುಗಳ ಮತಕ್ಕೆ ವಿರುದ್ಧವಾಗಿ, ಹೇಳಿದ್ದರು. ಆದರೂ ಭೀಮಾ ಕಣಿವೆಯ ಆದಿಜನರು ಕನ್ನಡಿಗರೋ ಮರಾಠಿಗರೋ ಎಂಬ ಚರ್ಚೆಗೆ ಎಲುಬನ್ನು ಎಳೆದು ತರುವ ಆಸೆ ಎರಡೂ ಕಡೆಯ ವಿದ್ವಾಂಸರಲ್ಲಿ ಪೂರ್ತಿ ಅಡಗಿಲ್ಲ. ಗಡಿಯ ವ್ಯಾಜ್ಯದಲ್ಲಿ ಎಲುಬು ಸಾಕ್ಷಿಯಾಗಲಾರದು. ಅದಕ್ಕೆ ಭಾಷೆಯಿಲ್ಲ. ಇನಾಂಗಾವಿನ ಮಗು ಯಾವ ಮಾತಿನಲ್ಲಿ ಅತ್ತಿತೆಂದು ಹೇಳಲಾಗದು. ಎಷ್ಟನೆಯ ತಿಂಗಳಲ್ಲಿ ಕಾಯಿಲೆ ಬಿದ್ದಿತೆಂಬುದನ್ನು ಹೇಳಲು ಸಾಧ್ಯ. ಎರಡನೆಯದು ಸಣ್ಣ ತಿಳಿವಳಿಕೆಯಲ್ಲ.

ಸಾಹಿತ್ಯದಿಂದ ಚರಿತ್ರೆಗೆ ಬಂದ ನಮ್ಮಂಥವರಿಗೆ ಇದು ಮುಖ್ಯವಾಗುವುದು ಬೇರೊಂದು ಕಾರಣದಿಂದ. ವೀರಗಲ್ಲು ಕಾದಿ ಸತ್ತವನ ಹೆಸರು ಹೇಳುತ್ತದೆ. ಶ್ರವಣಬೆಳಗೊಳದ ನಿಸಿದಿ ಶಾಸನಗಳು ನೋಂತು ಮುಡಿಪಿದವರನ್ನು ಸ್ಮರಿಸುತ್ತವೆ. ಎರಡೂ ಆಯ್ದ ಮರಣಗಳ ದಾಖಲೆಗಳು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಕುಮಾರೋದಯಕ್ಕೆ ಸ್ಥಾನವಿದೆ, ಶಿಶುಮರಣಕ್ಕಿಲ್ಲ. (ಹಲ್ಲುನೋವಿಗಂತೂ ಮೊದಲೇ ಇಲ್ಲ.)

ಕವಿಗಳು ಬಿಟ್ಟದ್ದನ್ನು ವೈದ್ಯಗ್ರಂಥಕಾರರು ಬಿಟ್ಟಿಲ್ಲ. ಸುಮಾರು 1200ರ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಎಳೆಯ ಮಕ್ಕಳ ವ್ಯಾಧಿಗಳಿಗೇ ಮೀಸಲಾದ ಕನ್ನಡ ಕೃತಿ. ಇನಾಂಗಾವಿಗೂ ಅದಕ್ಕೂ ಎರಡು ಸಾವಿರ ವರ್ಷಗಳ ಅಂತರವಿರುವುದರಿಂದ ನೇರ ಹೋಲಿಕೆ ಸಲ್ಲದು. ಆದರೆ ಮಧ್ಯಕಾಲೀನ ನೆಲೆಗಳ ಅಸ್ಥಿಗಳು ದೊರೆತಾಗ ಅವುಗಳ ಪಕ್ಕದಲ್ಲಿಟ್ಟು ಓದಬೇಕಾದ ಗ್ರಂಥ ಕಾವ್ಯವಲ್ಲ, ಇದು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ನವಶಿಲಾಯುಗದ ಸಮಾಧಿಗಳ ಬಗೆಗೆ ಡೆಕ್ಕನ್ ಕಾಲೇಜು 1965ರಲ್ಲಿ ಹೊರತಂದ ವರದಿಯಲ್ಲಿ ಉತ್ಖನಕಾರರಾದ ಮ. ಶ್ರೀ. ನಾಗರಾಜರಾವ್ ಮತ್ತು ಮಾನವಶಾಸ್ತ್ರಜ್ಞ ಕೈಲಾಸ್ ಮಲ್ಹೋತ್ರ ಸಹಲೇಖಕರಾಗಿದ್ದರು. ಆ ಬಗೆಯ ಜೊತೆಗಾರಿಕೆಗೆ ಭಾಷಾಜ್ಞನೊಬ್ಬನೂ ಸೇರಬೇಕೆಂಬುದು ನಮ್ಮ ಅಪೇಕ್ಷೆ. ಪುಣೆಯಲ್ಲಿರುವ ಕನ್ನಡ ಸಂಶೋಧಕರಿಗೆ ಈ ಕೆಲಸ ಉಳಿದವರಿಗಿಂತ ಹತ್ತಿರದ್ದು.