ಅರ್ಜಿಗೆ ಮೊದಲು ಶುಲ್ಕ

ವೈದ್ಯಕೀಯ ವಿದ್ಯಾರ್ಥಿಗೆ ಸಿಗುವ ಆರ್ಥಿಕ ನೆರವೆಂದರೆ ವಿದ್ಯಾರ್ಥಿವೇತನದ ಅರ್ಜಿ ಮತ್ತು ಆದಾಯ ಪ್ರಮಾಣಪತ್ರ ಎಂದೇ ನಾವು ಭಾವಿಸುತ್ತೇವೆ. ಆದರೆ ಕಾಲೇಜು ಎಷ್ಟು ಶುಲ್ಕ ಕೇಳಬಹುದು ಎಂಬ ಮಿತಿಯೇ ಮೊದಲ ನೆರವು. ಕರ್ನಾಟಕದ ಇತಿಹಾಸವೇ ಇದಕ್ಕೆ ಸಾಕ್ಷಿ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಶುರುವಾಯಿತು. ಅಂಥವು ಹೆಚ್ಚಿದಂತೆ ಸೀಟಿಗೆ ನಿಗದಿತ ಶುಲ್ಕಕ್ಕಿಂತ ಹೆಚ್ಚು ಹಣ ಕೇಳುವ ಕ್ಯಾಪಿಟೇಶನ್ ಹಾವಳಿಯೂ ಬೆಳೆದು, 1984ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂತು. ಆದರೂ 1989ರ ಸರ್ಕಾರಿ ಅಧಿಸೂಚನೆ ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಶುಲ್ಕ ಗೊತ್ತುಮಾಡಿತು. ಮೀರತ್‌ನ ವಿದ್ಯಾರ್ಥಿನಿ ಮೋಹಿನಿ ಜೈನ್ ಅವರಿಗೆ ತುಮಕೂರಿನ ಸೀಟು ತಪ್ಪಿದ್ದು ಈ ಮೊತ್ತದಿಂದಲೇ. 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕ್ಯಾಪಿಟೇಶನ್ ಎಂದೇ ಕರೆದು ತಳ್ಳಿಹಾಕಿತು.

ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟುಗಳನ್ನು ಸರ್ಕಾರಿ ದರದಲ್ಲಿ, ಉಳಿದರ್ಧವನ್ನು ಹೆಚ್ಚಿನ ಶುಲ್ಕಕ್ಕೆ ಕೊಡುವ ಏರ್ಪಾಡು ಮಾಡಿತು. ಅರ್ಜಿ ಹಿಡಿದು ಅಲೆಯಬೇಕಿಲ್ಲದ ವಿದ್ಯಾರ್ಥಿವೇತನವೇ ಅದು! ಆದರೆ ಅಗ್ಗದ ಸೀಟುಗಳನ್ನು ಒಳ್ಳೆಯ ಶಾಲೆಗಳಲ್ಲಿ ಓದಿದ ನಗರದ ಅನುಕೂಲಸ್ಥರೇ ಪಡೆದು, ಹಳ್ಳಿಯ ಬಡವರು ದುಬಾರಿ ಸೀಟಿಗೆ ಹಣ ತೆರಬೇಕಾಯಿತು ಎಂಬ ಆಕ್ಷೇಪ ಬಂತು. 2002ರ ಟಿ.ಎಂ.ಎ. ಪೈ ತೀರ್ಪು ಅದನ್ನು ಒಪ್ಪಿ ಆ ಏರ್ಪಾಡನ್ನು ಕೈಬಿಟ್ಟಿತು. ಆಕ್ಷೇಪದಲ್ಲಿ ಹುರುಳಿದೆ, ಪರಿಹಾರದಲ್ಲಿಲ್ಲ. ದೋಷವಿದ್ದದ್ದು ಆಯ್ಕೆಯ ವಿಧಾನದಲ್ಲಿ. ಅಗ್ಗದ ಸೀಟಿಗೆ ಆದಾಯದ ಮಿತಿ ಸೇರಿಸಿದ್ದರೆ ಅದನ್ನು ಸರಿಪಡಿಸಬಹುದಿತ್ತು.